ಪಾತ್ರೆಯ ತಳ ಯಾಕೆ ಸೀಯುತ್ತದೆ, ಹಿಡಿ ಯಾಕೆ ಮುರಿಯುತ್ತದೆ

ತೆಳ್ಳಗಿನ ಸ್ಟೀಲ್ ಪಾತ್ರೆಯಲ್ಲಿ ಅಡುಗೆ ಉರಿ ತಾಗಿದ ಜಾಗದಲ್ಲಷ್ಟೇ ಸೀಯುತ್ತದೆ. ಪಕ್ಕದಲ್ಲಿ ಇನ್ನೂ ಬೆಂದಿರುವುದಿಲ್ಲ. ಅಡುಗೆ ಮಾಡಿದವರನ್ನು ಬೈಯಬೇಡಿ, ಅದು ಲೋಹದ ಗುಣ.

ಯಾವುದೇ ಲೋಹದ ಒಳಗೆ ಪರಮಾಣುಗಳು ಒತ್ತೊತ್ತಾಗಿ, ಸಾಲಾಗಿ ಕೂತಿರುತ್ತವೆ. ಪ್ರತಿಯೊಂದೂ ತನ್ನ ಹೊರಗಿನ ಕೆಲವು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟಿರುತ್ತದೆ. ಅವು ಯಾವ ಒಂದು ಪರಮಾಣುವಿಗೂ ಸೇರದೆ ಇಡೀ ಲೋಹದಲ್ಲಿ ಓಡಾಡಿಕೊಂಡಿರುತ್ತವೆ. ಪರಮಾಣುಗಳನ್ನು ಒಟ್ಟಿಗೆ ಹಿಡಿದಿಡುವುದೂ ಇವೇ. ಇದೇ ಲೋಹೀಯ ಬಂಧ.

ಶಾಖವನ್ನು ಹೊತ್ತು ಸಾಗಿಸುವುದು ಮುಖ್ಯವಾಗಿ ಈ ಎಲೆಕ್ಟ್ರಾನ್‌ಗಳು. ತಾಮ್ರದಲ್ಲಿ ಅವುಗಳ ಓಟಕ್ಕೆ ಅಡ್ಡಿ ಕಡಿಮೆ. ಸ್ಟೀಲ್‌ನಲ್ಲಿ ಕಬ್ಬಿಣದ ನಡುವೆ ಕ್ರೋಮಿಯಂ, ನಿಕ್ಕಲ್ ಬೆರೆತಿರುವುದರಿಂದ ಹೆಜ್ಜೆಹೆಜ್ಜೆಗೂ ಎಡವುತ್ತವೆ. ಶಾಖ ಸಾಗಿಸುವ ಶಕ್ತಿಯನ್ನು ಒಂದೇ ಮಾನದಲ್ಲಿ (ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂದು) ಅಳೆದರೆ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ 240ರ ಹತ್ತಿರ, ಕಬ್ಬಿಣಕ್ಕೆ 80, ಸ್ಟೀಲ್‌ಗೆ ಬರೀ 15. ಎಷ್ಟು ವ್ಯತ್ಯಾಸ ನೋಡಿ! ಅದಕ್ಕೇ ಸ್ಟೀಲ್ ಪಾತ್ರೆ ಕೊಳ್ಳುವಾಗ ತಳದಲ್ಲಿ ಅಲ್ಯೂಮಿನಿಯಂ ಅಥವಾ ತಾಮ್ರದ ದಪ್ಪ ಪದರ ಇದೆಯೇ ಎಂದು ಕೇಳಿ. ಇರುವುದು ತೆಳ್ಳಗಿನದೇ ಆದರೆ ಉರಿ ಸಣ್ಣಗಿಡಿ, ಆಗಾಗ ತಿರುವುತ್ತಿರಿ. ಬಿಸಿ ಪಾತ್ರೆ ಇಳಿಸಲು ಒಣಬಟ್ಟೆಯೇ ಬೇಕು. ಒದ್ದೆ ಬಟ್ಟೆಯ ಮೂಲಕ ಶಾಖ ಬೇಗ ಕೈಗೆ ತಲುಪುತ್ತದೆ.

ಕರೆಂಟ್ ಹರಿಯುವುದೂ ಇದೇ ಎಲೆಕ್ಟ್ರಾನ್‌ಗಳಿಂದ. ವೈರಿನ ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಅವತ್ತೇ ಬದಲಾಯಿಸಿ, ಮುಂದೂಡಬೇಡಿ.

ಉಪ್ಪಿನ ಹರಳಿಗೆ ಏಟು ಬಿದ್ದರೆ ಪುಡಿಯಾಗುತ್ತದೆ, ಅಲ್ಯೂಮಿನಿಯಂ ಪಾತ್ರೆ ನೆಗ್ಗುತ್ತದೆ ಅಷ್ಟೇ. ಲೋಹದಲ್ಲಿ ಒಂದು ಸಾಲು ಜರುಗಿದರೂ ಎಲೆಕ್ಟ್ರಾನ್‌ಗಳು ಹಿಡಿತ ಬಿಡುವುದಿಲ್ಲ. ಹಾಗಾಗಿ ನೆಗ್ಗನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಮಾಡಬಹುದು. ಆದರೆ ಒಂದೇ ಕಡೆ ಹಿಂದೆಮುಂದೆ ಬಗ್ಗಿಸುತ್ತಾ ಹೋಗಬೇಡಿ. ಜರುಗಿದ ಸಾಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಲೋಹ ಗಡುಸಾಗುತ್ತದೆ, ಕೊನೆಗೆ ಮುರಿಯುತ್ತದೆ. ಬಕೆಟ್ಟಿನ ತಂತಿ ಹಿಡಿ ತುಂಡಾಗುವುದು ಹೀಗೇ. ಬೀಡು ಕಬ್ಬಿಣದ ಕಥೆಯೇ ಬೇರೆ. ಅದರಲ್ಲಿ ಇಂಗಾಲ ಜಾಸ್ತಿ, ಹಾಗಾಗಿ ಬಗ್ಗುವ ಗುಣ ಇಲ್ಲ. ಕಾದ ಬೀಡು ಬಾಣಲೆಗೆ ತಣ್ಣೀರು ಸುರಿದರೆ ಸೀಳಬಹುದು. ತಾನಾಗಿ ಆರಲಿ, ಆಮೇಲೆ ತೊಳೆಯಿರಿ.

ಲೋಹ ಹೊಳೆಯುವುದು ಮೇಲೆ ಬಿದ್ದ ಬೆಳಕನ್ನು ಈ ಎಲೆಕ್ಟ್ರಾನ್‌ಗಳು ಹಿಂದಕ್ಕೆ ಕಳಿಸುವುದರಿಂದ. ಗಾಳಿಯ ಆಮ್ಲಜನಕ ಸೇರಿ ಮೇಲೆ ಪದರ ಕಟ್ಟಿದಾಗ ಮಂಕಾಗುತ್ತದೆ. ಆ ಪದರ ಕೆಟ್ಟದ್ದೇ ಆಗಬೇಕೆಂದಿಲ್ಲ. ಅಲ್ಯೂಮಿನಿಯಂನ ಮಂಕು ಪದರ ಒಳಗಿನ ಲೋಹವನ್ನು ಕಾಯುತ್ತದೆ, ಸುಮ್ನೆ ಉಜ್ಜಿ ತೆಗೆಯಬೇಡಿ. ಹುಳಿ ಅದನ್ನು ಕರಗಿಸುತ್ತದೆ, ಆದ್ದರಿಂದ ಹುಳಿ ಪದಾರ್ಥವನ್ನು ಅದರಲ್ಲಿ ಇಟ್ಟುಬಿಡುವುದು ಬೇಡ. ಸ್ಟೀಲ್ ತುಕ್ಕು ಹಿಡಿಯದಂತೆ ಕಾಯುವುದು ಕ್ರೋಮಿಯಂನ ಕಣ್ಣಿಗೆ ಕಾಣದ ಪದರ. ತಣ್ಣೀರು ಹಾಕಿದ ಪಾತ್ರೆಯ ತಳದಲ್ಲಿ ಉಪ್ಪು ಕರಗದೆ ಕೂತರೆ ಈ ಪದರ ಒಡೆದು ಅಲ್ಲಿ ಸಣ್ಣ ಗುಳಿ ಬೀಳಬಹುದು. ನೀರು ಕುದಿದ ಮೇಲೆ ಉಪ್ಪು ಹಾಕಿ, ಹಾಕಿದ ಕೂಡಲೇ ಕಲಕಿ.