ಎಂಟು ಕಿಲೋಮೀಟರ್ ಬಾಲದ ಹಡಗಿನಲ್ಲಿ

ಮಲ್ಪೆಯ ದಕ್ಕೆಯಲ್ಲಿ ಅಪ್ಪನ ಪಕ್ಕ ಕುಳಿತು ಹರಿದ ಬಲೆ ಕಟ್ಟುವುದನ್ನು ಕಲಿತ ನಾನು, ಮುಂದೆ ಬಲೆಗಳನ್ನು ತಪ್ಪಿಸಿಕೊಂಡು ಸಾಗಬೇಕಾದ ಹಡಗಿನಲ್ಲಿ ಸ್ಟ್ರೀಮರ್ ತಂತ್ರಜ್ಞನಾದೆ. ಕಡಲತಳದಡಿ ತೈಲ ಮತ್ತು ಅನಿಲ ಇರಬಹುದಾದ ಶಿಲಾಪದರಗಳನ್ನು ಹುಡುಕುವ ಭೂಕಂಪನ ಸಮೀಕ್ಷೆ ನಮ್ಮದು. ಐದು ವಾರ ಹಡಗು, ಐದು ವಾರ ಮನೆ. ಹಡಗಿನಲ್ಲಿದ್ದಷ್ಟೂ ದಿನ ರಜೆಯಿಲ್ಲದೆ ಹನ್ನೆರಡು ಗಂಟೆಯ ಪಾಳಿ.

ಹಡಗಿನ ಹಿಂದೆ ನೂರು ನೂರು ಮೀಟರ್ ಅಂತರದಲ್ಲಿ ಸ್ಟ್ರೀಮರ್ ಎಂಬ ಎಂಟು ಕೇಬಲ್‌ಗಳು, ಒಂದೊಂದೂ ಎಂಟು ಕಿಲೋಮೀಟರ್ ಉದ್ದ. ಮುಂಗೈ ದಪ್ಪದ ಈ ಕೇಬಲ್‌ಗಳೊಳಗೆ ಸಾಲುಸಾಲಾಗಿ ನೀರಿನೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್‌ಗಳಿವೆ. ಹಡಗಿನ ಹಿಂಬದಿಯ ಏರ್‌ಗನ್‌ಗಳು ಪ್ರತಿ 25 ಮೀಟರಿಗೊಮ್ಮೆ, ಎಂದರೆ ನಾಲ್ಕೂವರೆ ನಾಟ್ ವೇಗದಲ್ಲಿ ಸುಮಾರು ಹನ್ನೊಂದು ಸೆಕೆಂಡಿಗೊಮ್ಮೆ, ಅಧಿಕ ಒತ್ತಡದ ಗಾಳಿಯನ್ನು ನೀರಿಗೆ ಬಿಡುತ್ತವೆ. ಆ ಸದ್ದು ತಳದಡಿಯ ಪದರಗಳಿಗೆ ತಾಗಿ ಹಿಂದಿರುಗುವುದನ್ನು ಕೇಬಲ್‌ಗಳು ಕೇಳಿಸಿಕೊಳ್ಳುತ್ತವೆ. ಮಲಗುವ ಕೋಣೆಯಲ್ಲಿ ಇದೆಲ್ಲ ಯಾರೋ ಗೋಡೆಗೆ ಮೆಲ್ಲಗೆ ಗುದ್ದಿದಂತೆ ಕೇಳುತ್ತದೆ. ಗುದ್ದು ನಿಂತರೆ ಎಚ್ಚರವಾಗುತ್ತದೆ, ಏಕೆಂದರೆ ಒಂದೋ ಸಮೀಕ್ಷೆಗೆ ಹಡಗು ಸಾಗುವ ಒಂದು ನೇರ ಸಾಲು ಮುಗಿದಿರುತ್ತದೆ, ಇಲ್ಲವೇ ನನಗೆ ಕೆಲಸ ಬಂದಿರುತ್ತದೆ.

ತೈಲ ಹುಡುಕುವ ಹಡಗು ಎಂದೊಡನೆ ಊರಿನವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನನ್ನ ಪಾಲಿನ ಕೆಲಸವಾದರೋ ಹೆಚ್ಚಿನಂಶ ಶುಚಿಗೊಳಿಸುವುದೇ. ಬೆಚ್ಚಗಿನ ನೀರಿನಲ್ಲಿ ವಾರಗಟ್ಟಲೆ ತೇಲುವ ಕೇಬಲ್‌ಗೆ, ದೋಣಿಯ ತಳಕ್ಕೆ ಹಿಡಿಯುವಂತೆಯೇ, ಚಿಪ್ಪು ಹಿಡಿಯುತ್ತದೆ. ಎಳೆತ ಹೆಚ್ಚುವುದಲ್ಲದೆ ದಾಖಲೆಯಲ್ಲಿ ಗದ್ದಲವೂ ಸೇರುತ್ತದೆ. ಅಲೆ ತಗ್ಗಿದ ದಿನ ಸಣ್ಣ ದೋಣಿಯಲ್ಲಿ ಹೋಗಿ, ಕೇಬಲನ್ನು ಎತ್ತಿ ಚಿಪ್ಪು ಕೆರೆಯುತ್ತೇವೆ ಮತ್ತು ಆಳ ಕಾಯುವ, ನಾವು ‘ಬರ್ಡ್’ ಎನ್ನುವ ರೆಕ್ಕೆಯುಳ್ಳ ಉಪಕರಣಗಳ ಬ್ಯಾಟರಿ ಬದಲಿಸುತ್ತೇವೆ. ಇಷ್ಟೆಲ್ಲ ನಡೆಯುವಾಗಲೂ ಹಡಗು ನಿಲ್ಲುವಂತಿಲ್ಲ. ನಿಂತರೆ ಎಳೆತ ತಪ್ಪಿದ ಕೇಬಲ್‌ಗಳು ಮುಳುಗುತ್ತವೆ ಅಥವಾ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಒಂದು ಸಾಲಿನಿಂದ ಇನ್ನೊಂದಕ್ಕೆ ತಿರುಗುವುದಕ್ಕೇ ಮೂರು ಗಂಟೆ ಬೇಕು.

ಇಂಥ ಹಡಗು ಮೀನುಗಾರರಿಗೆ ದಾರಿ ಬಿಟ್ಟುಕೊಡಲಾರದು. ಆದ್ದರಿಂದಲೇ ನಮ್ಮ ಮುಂದೆ ಕಾವಲು ದೋಣಿಗಳು ಹೋಗುತ್ತವೆ, ಅವುಗಳಲ್ಲಿ ಸ್ಥಳೀಯ ಭಾಷೆ ಬಲ್ಲವರೊಬ್ಬರು ಇರುತ್ತಾರೆ. ಕಾಕಿನಾಡದಾಚೆ, ಕೃಷ್ಣಾ–ಗೋದಾವರಿ ಜಲಾನಯನದಲ್ಲಿ ಕೆಲಸ ಮಾಡುತ್ತಿದ್ದಾಗ ಅದು ಮಾರ್ಚ್ ತಿಂಗಳು. ಪೂರ್ವ ಕರಾವಳಿಯ ಮೀನುಗಾರಿಕೆ ನಿಷೇಧ ಏಪ್ರಿಲ್ 15ಕ್ಕೆ ಆರಂಭವಾಗುವುದರಿಂದ, ಅದಕ್ಕೆ ಮೊದಲು ಆದಷ್ಟು ಸಂಪಾದಿಸಲು ದೋಣಿಗಳೆಲ್ಲ ಕಡಲಿಗಿಳಿದಿದ್ದವು. ನಮ್ಮಲ್ಲಿ ಜೂನ್ ಒಂದಕ್ಕೆ ಮೊದಲಿನ ದಿನಗಳು ಹೇಗಿರುತ್ತವೆಂದು ಬಲ್ಲ ನನಗೆ ಅವರ ಅವಸರ ಅರ್ಥವಾಗುತ್ತಿತ್ತು. ಸಹೋದ್ಯೋಗಿಗಳಿಗೆ ಅದು ಬರಿಯ ಅಡಚಣೆಯಾಗಿತ್ತು.

ಒಂದು ರಾತ್ರಿ, ದೀಪವಿಲ್ಲದ ತೇಲುಬಲೆಯೊಂದು ಮೂರನೆಯ ಕೇಬಲ್‌ಗೆ ಸಿಕ್ಕಿಕೊಂಡಿತು. ಆಳದ ಅಂಕಿಗಳು ಏರುಪೇರಾದುದನ್ನು ಪರದೆಯಲ್ಲಿ ಕಂಡು, ಬೆಳಕು ಹರಿದ ಮೇಲೆ ದೋಣಿ ಇಳಿಸಿದೆವು. ಬಿಡಿಸಲು ಸಾಧ್ಯವೇ ಎಂದು ನಾನು ಅರ್ಧ ಗಂಟೆ ಹೆಣಗಿದೆ. ಬಲೆಯ ಹೆಣಿಗೆಯ ದಿಕ್ಕು ತಿಳಿದಿದ್ದರಿಂದ ಒಂದು ಭಾಗ ಇಡಿಯಾಗಿ ಬಂತು. ಉಳಿದದ್ದನ್ನು ಕತ್ತರಿಸದೆ ಗತಿಯಿರಲಿಲ್ಲ. ಚಾಕು ನನ್ನ ಕೈಯಲ್ಲೇ ಇತ್ತು. ಬಿಡಿಸಿದ ಭಾಗವನ್ನೂ ತೇಲುಗುಂಡುಗಳನ್ನೂ ಮಾಲೀಕರಿಗೆ ತಲುಪಿಸಲು ಕಾವಲು ದೋಣಿಯವರಿಗೆ ಒಪ್ಪಿಸಿದೆವು.

ಆ ಸಂಜೆ ಹಡಗಿನ ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು ಬಲೆಯ ಕಣ್ಣಿನ ಅಳತೆಯನ್ನು.

“ನಾಲ್ಕು ಬೆರಳು ಸಲೀಸಾಗಿ ಹೋಗುತ್ತಿತ್ತು,” ಎಂದೆ.

“ಹಾಗಾದರೆ ಅಂಜಲ್ ಬಲೆ ಮಾರಾಯ,” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಷ್ಟು ಮಾರು ಕಡಿದೆ?” ಎಂದು ಕೇಳಿದರು.