ತೂಕಕ್ಕೆ ಕೊಂಡು, ಓದಿ ಬರೆದಿಟ್ಟು, ಕಾರ್ ಮ್ಯಾಗಜೀನ್ ಸೆಟ್ ತುಂಬಿಸಿದ್ದು

ಕಳೆದ ದೀಪಾವಳಿ ಹೊತ್ತಿಗೆ ನನ್ನ ಎರಡು ಕಾರ್ ಮ್ಯಾಗಜೀನ್‌ಗಳ ಸೆಟ್ ತುಂಬಿತು. ಓವರ್‌ಡ್ರೈವ್ 1998ರ ಮೊದಲ ಸಂಚಿಕೆಯಿಂದ, ಆಟೋಕಾರ್ ಇಂಡಿಯಾ 1999ರ ಮೊದಲ ಸಂಚಿಕೆಯಿಂದ. ಎರಡೂ 2010ರ ಡಿಸೆಂಬರ್‌ವರೆಗೆ, ನಡುವೆ ಒಂದು ತಿಂಗಳೂ ಬಿಟ್ಟಿಲ್ಲ. ಬೆಂಗಳೂರಿನಲ್ಲೇ ಇದ್ದುಕೊಂಡು, ಬಹುಪಾಲು ಹಳೇ ಪೇಪರ್ ಅಂಗಡಿಗಳಲ್ಲೇ, ಕೆಜಿ ಲೆಕ್ಕದಲ್ಲಿ ಕೊಂಡು ತುಂಬಿಸಿದ್ದು. "ಇದು ಆಗೋ ಕೆಲಸ ಅಲ್ಲ, ಯಾರಾದ್ರೂ ಒಟ್ಟಿಗೆ ಮಾರೋವಾಗ ಲಾಟ್ ತಗೊಂಡುಬಿಡಿ" ಎಂದವರೇ ಜಾಸ್ತಿ. ಈಗ ಅವರಲ್ಲೇ ಕೆಲವರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಟ್ಟುಕೊಂಡಿದ್ದು ಎರಡೇ ಕಟ್ಟುಪಾಡು. ಬಿಡಿ ಸಂಚಿಕೆಗೆ ಬಿಡಿ ಬೆಲೆ ಕೊಡಬಾರದು. ಪೂರ್ತಿ ಓದಿ, ಒಂದು ಹಾಳೆ ವಿಮರ್ಶೆ ಬರೆಯದೆ ಯಾವ ಸಂಚಿಕೆಯನ್ನೂ ಕಪಾಟಿಗೆ ಸೇರಿಸಬಾರದು. ಮೊದಲನೆಯದನ್ನು ಎಲ್ಲರೂ ಒಪ್ಪಿದರು. ಎರಡನೆಯದನ್ನು ಕೇಳಿ ನಕ್ಕರು. ಕೊಳ್ಳುವುದಕ್ಕೂ ಓದುವುದಕ್ಕೂ ಏನು ಸಂಬಂಧ, ಕವರ್‌ಗೆ ಹಾಕಿ ಇಟ್ಟರೆ ಬೆಲೆ ಬರುತ್ತದೆ ಅಲ್ವಾ ಅಂದರು. ಸೆಟ್ ತುಂಬಿದ್ದು ಮಾತ್ರ ಆ ಎರಡನೇ ಕಟ್ಟುಪಾಡಿನಿಂದಲೇ. ಹೇಗೆ ಅನ್ನುವುದು ಮುಂದೆ ಬರುತ್ತದೆ.

ಮೊದಲು ದುಡ್ಡಿನ ಮಾತು. ಒಂದು ಸಂಚಿಕೆ ಮುನ್ನೂರೈವತ್ತು, ನಾನೂರು ಗ್ರಾಂ ತೂಗುತ್ತದೆ. ದಪ್ಪ ವಾರ್ಷಿಕ ಸಂಚಿಕೆಯಾದರೆ ಇನ್ನೂ ಜಾಸ್ತಿ. ಅಂಗಡಿಯವನು ಮನೆಗಳಿಂದ ಹನ್ನೆರಡು, ಹದಿಮೂರು ರೂಪಾಯಿಗೆ ಕೆಜಿ ಕೊಳ್ಳುತ್ತಿದ್ದ. ನಾನು ಇಪ್ಪತ್ತೈದು ಕೊಡುತ್ತೇನೆ ಎಂದೆ. ಅವನಿಗೆ ದುಪ್ಪಟ್ಟು, ನನಗೆ ಸಂಚಿಕೆಗೆ ಹತ್ತು ರೂಪಾಯಿ ಬಿತ್ತು. ಅದೇ ಸಂಚಿಕೆಗೆ ಸಂಗ್ರಾಹಕರ ನಡುವೆ ನೂರರಿಂದ ನೂರೈವತ್ತು. ಮೊದಲ ವರ್ಷದ ಸಂಚಿಕೆಯಾದರೆ ಒಂದಕ್ಕೇ ಸಾವಿರದೈನೂರು ಕೇಳಿದವರಿದ್ದಾರೆ. ಓಡಾಟ, ಕಪಾಟು, ಕಾಗದ, ಎಲ್ಲ ಸೇರಿ ನನಗೆ ಸುಮಾರು ಅರವತ್ತು ಸಾವಿರ ಆಗಿರಬಹುದು. ಅದರಲ್ಲಿ ಅರ್ಧ ಸ್ಟೀಲ್ ಕಪಾಟಿಗೇ ಹೋಯಿತು.

ಶುರುವಿನ ಎರಡು ವರ್ಷ ಹೆಚ್ಚುಕಮ್ಮಿ ಕೈಗೆ ಏನೂ ಹತ್ತಲಿಲ್ಲ. ಬೇರೆ ಊರಿನ ಒಬ್ಬ ವ್ಯಾಪಾರಿಯಿಂದ ಎಂಟು ಸಾವಿರ ಚಿಲ್ಲರೆ ಕೊಟ್ಟು ಒಂದು ಪೆಟ್ಟಿಗೆ ತರಿಸಿದೆ. ಫೋಟೋದಲ್ಲಿ ಮುಖಪುಟಗಳೆಲ್ಲ ಚೆನ್ನಾಗಿದ್ದವು. ಒಳಗೆ ನೋಡಿದರೆ ನಡುವಿನ ಪೋಸ್ಟರ್ ಇಲ್ಲ, ಫೆರಾರಿ ಇದ್ದ ಕಡೆಯೆಲ್ಲ ಕತ್ತರಿ ಆಡಿದೆ, ಕೆಲವದರಲ್ಲಿ ರೋಡ್ ಟೆಸ್ಟ್ ಕೋಷ್ಟಕದ ಪುಟವೇ ಇಲ್ಲ. ದುಡ್ಡು ವಾಪಸ್ ಬರಲಿಲ್ಲ. ಅವೆನ್ಯೂ ರಸ್ತೆ, ಸಂಡೇ ಬಜಾರ್, ಶಿವಾಜಿನಗರದ ಗುಜರಿ, ಎಲ್ಲ ಸುತ್ತಿದೆ. ಸಿಕ್ಕವು ಸಿಕ್ಕವು. ಆದರೆ ಫುಟ್‌ಪಾತಿಗೆ ಬಂದ ಮೇಲೆ ಮ್ಯಾಗಜೀನಿಗೆ ಬಿಡಿ ಬೆಲೆ ಹತ್ತಿಬಿಡುತ್ತದೆ. ಅದಕ್ಕೂ ಮುಂಚೆ, ತಕ್ಕಡಿಯ ಮೇಲೆ ಇರುವಾಗಲೇ ಹಿಡಿಯಬೇಕು.

ಬಡಾವಣೆಗಳ ಪೇಪರ್ ಅಂಗಡಿಯವರಿಗೆ ನಂಬರ್ ಕೊಟ್ಟು "ಕಾರಿನ ಪುಸ್ತಕ ಬಂದರೆ ಎತ್ತಿಡಿ" ಎಂದೆ. ಯಾರೂ ಎತ್ತಿಡಲಿಲ್ಲ. ಅವರದ್ದು ತಪ್ಪಲ್ಲ. ಅಲ್ಲಿ ದಿನಕ್ಕೆ ನೂರಾರು ಕೆಜಿ ಬರುತ್ತದೆ, ಲಾರಿ ಬಂದರೆ ಗಂಟು ಕಟ್ಟಿ ಕಳಿಸುವುದೇ ಕೆಲಸ. ಆಮೇಲೆ ಎರಡು ಬದಲಾವಣೆ ಮಾಡಿದೆ. ಅಂಗಡಿಗೆ ಇನ್ನೂರು ರೂಪಾಯಿ ಮುಂಗಡ ಕೊಟ್ಟು, ನನ್ನದೇ ಒಂದು ಖಾಲಿ ಗೋಣಿಚೀಲ ಅಲ್ಲೇ ಮೊಳೆಗೆ ನೇತುಹಾಕಿದೆ. ಚೀಲ ಕಣ್ಣಿಗೆ ಬೀಳುತ್ತಿರುತ್ತದೆ, ಕೆಲಸದ ಹುಡುಗ ಬಣ್ಣದ ಪುಸ್ತಕ ಕಂಡರೆ ಅದಕ್ಕೇ ಎಸೆಯುತ್ತಾನೆ. ಎರಡನೆಯದು, ಲಾರಿ ಬರುವ ಹಿಂದಿನ ದಿನ ಹೋಗುವುದು. ಯಾವ ಏರಿಯಾ, ಯಾವ ದಿನ ಅಂತ ಇಲ್ಲಿ ಹೇಳುವುದಿಲ್ಲ. ಇಷ್ಟು ಹೇಳಬಲ್ಲೆ: ಆಯುಧಪೂಜೆ, ದೀಪಾವಳಿ, ಯುಗಾದಿಗೆ ಮುಂಚಿನ ವಾರಗಳು, ಜೊತೆಗೆ ಮನೆ ಬದಲಾಯಿಸುವ ಏಪ್ರಿಲ್-ಮೇ. ಹೊಸ ಬಡಾವಣೆಗಳಲ್ಲಿ ಏನೂ ಸಿಗುವುದಿಲ್ಲ. ಮಕ್ಕಳು ಓದು ಮುಗಿಸಿ ಊರು ಬಿಟ್ಟಿರುವ, ಅಪ್ಪ ಅಮ್ಮ ಅಟ್ಟ ಖಾಲಿ ಮಾಡುತ್ತಿರುವ ಹಳೇ ಬೀದಿಗಳೇ ಸರಿ.

ಈಗ ಹಾಳೆಯ ವಿಷಯ. ಇದೇ ನನ್ನ ಹೆಮ್ಮೆ.

ಎ4 ಹಾಳೆ, ಒಂದು ಸಂಚಿಕೆಗೆ ಒಂದೇ. ಮೇಲ್ಗಡೆ ತಿಂಗಳು, ವರ್ಷ, ಪುಟ, ಪೋಸ್ಟರ್ ಇದೆಯೋ ಇಲ್ಲವೋ. ಆಮೇಲೆ ಯಾವ ಕಾರುಗಳ ಪರೀಕ್ಷೆ, ಅಂಕಿಗಳನ್ನು ಅವರೇ ಅಳೆದಿದ್ದಾರೋ ಅಥವಾ ಕಂಪನಿ ಕೊಟ್ಟದ್ದನ್ನೇ ಹಾಕಿದ್ದಾರೋ. ಸೊನ್ನೆಯಿಂದ ನೂರು ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡ್, ಮೂರನೇ ಗೇರಿನಲ್ಲಿ ನಲವತ್ತರಿಂದ ಎಂಬತ್ತಕ್ಕೆ ಎಷ್ಟು, ಊರೊಳಗಿನ ಮೈಲೇಜು, ಹೆದ್ದಾರಿ ಮೈಲೇಜು, ಟೈರ್ ಸೈಜು. ಕೆಳಗೆ ಜಾಹೀರಾತುಗಳ ಪಟ್ಟಿ: ಯಾವ ಕಾರು, ಯಾವ ಬಣ್ಣ, ಯಾವ ವೀಲ್ ಕ್ಯಾಪ್, ಯಾವ ಪುಟ. ಕೊನೆಗೆ ನನ್ನ ತೀರ್ಪು, ನಾಲ್ಕೈದು ಸಾಲು. ಒಂದು ಸಂಚಿಕೆಗೆ ಎರಡು ಸಂಜೆ ಹಿಡಿಯುತ್ತದೆ.

ಆ ತೀರ್ಪಿನಲ್ಲಿ ನಾನು ಹೊಸ ಕಾರಿನ ಮೊದಲ ಡ್ರೈವ್‌ಗೆ ಹೆಚ್ಚು ಅಂಕ ಕೊಡುವುದಿಲ್ಲ. ಒಂದು ಮ್ಯಾಗಜೀನಿನ ಯೋಗ್ಯತೆ ಗೊತ್ತಾಗುವುದು ಮೂರು ಕಡೆ: ಆರು ತಿಂಗಳು, ವರ್ಷ ಇಟ್ಟುಕೊಂಡು ಓಡಿಸಿದ ಲಾಂಗ್ ಟರ್ಮ್ ವರದಿ, ಓದುಗರ ಪತ್ರ, ಸೆಕೆಂಡ್ ಹ್ಯಾಂಡ್ ಕಾರಿನ ಸಲಹೆ. ಟಾಟಾದ ಇಂಡಿಕಾ ಕಾರನ್ನೇ ಉದಾಹರಣೆಗೆ ತಗೊಳ್ಳಿ. 1998ರ ಕೊನೆಯಲ್ಲಿ ಬಂತು, 'ಮೋರ್ ಕಾರ್ ಪರ್ ಕಾರ್' ಅನ್ನುವ ಜಾಹೀರಾತು ಜೊತೆಗೇ. ಅದೇ ವರ್ಷ ಸ್ಯಾಂಟ್ರೋ, ಮಟೀಜ್ ಕೂಡ ಬಂದಿದ್ದವು. ಆಗಿನ ಸಂಚಿಕೆಗಳ ಮೊದಲ ಮಾತಿನಿಂದ ಹಿಡಿದು, ಕೊಂಡವರ ದೂರುಗಳು, ಆಮೇಲೆ 2001ರಲ್ಲಿ ಸರಿಮಾಡಿಕೊಂಡು ಬಂದ ಇಂಡಿಕಾ ವಿ2 ತನಕ ಸಾಲಾಗಿ ಓದಿದರೆ ಯಾರು ನೆಟ್ಟಗೆ ಬರೆದರು, ಯಾರು ಜಾಹೀರಾತಿನ ಮುಖ ನೋಡಿ ಬರೆದರು ಅಂತ ಕನ್ನಡಿಯ ಹಾಗೆ ಕಾಣುತ್ತದೆ. ಬಿಡಿ ಸಂಚಿಕೆ ಓದಿದರೆ ಇದು ತಿಳಿಯುವುದಿಲ್ಲ. ಸಾಲಾಗಿಯೇ ಓದಬೇಕು.

ಇನ್ನು ಈ ಹಾಳೆಗಳಿಂದ ಸೆಟ್ ತುಂಬಿದ ಕಥೆ. ಇತ್ತೀಚೆಗೆ ತೊಂಬತ್ತರ ಕೊನೆಯ, ಎರಡು ಸಾವಿರದ ಶುರುವಿನ ಕಾರುಗಳನ್ನು ಮೊದಲಿನ ಹಾಗೆ ಮಾಡಿಸುವವರು ಹೆಚ್ಚಾಗಿದ್ದಾರೆ. ಫೋರ್ಡ್ ಐಕಾನ್ 1.6, ಪಾಲಿಯೋ 1.6, ಹಳೇ ಜೆನ್. ಅವರಿಗೆ ಬೇಕಾದದ್ದು ಸಣ್ಣ ಸಣ್ಣ ವಿವರ. ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಐಕಾನ್ ಬಿಚ್ಚಿ ಕೂತಿದ್ದ. ಮೊದಲ ವರ್ಷದ ಗಾಡಿಗೆ ಯಾವ ವೀಲ್ ಕ್ಯಾಪ್ ಇತ್ತು, ಸೀಟಿನ ಬಟ್ಟೆ ಯಾವುದು ಅಂತ ಅವನಿಗೆ ಯಾರೂ ಹೇಳುತ್ತಿರಲಿಲ್ಲ. ಜೆ.ಸಿ. ರಸ್ತೆಯಲ್ಲಿ ಪರಿಚಯದ ಸ್ಪೇರ್ಸ್ ಅಂಗಡಿಯವರು ನನ್ನ ನಂಬರ್ ಕೊಟ್ಟಿದ್ದಾರೆ. ಅವನು ಫೋನಿನಲ್ಲಿ ಇರುವಾಗಲೇ ಹಾಳೆ ತೆಗೆದು, ಯಾವ ಸಂಚಿಕೆಯ ಯಾವ ಪುಟ ಅಂತ ಹೇಳಿ, 'ಜೋಶ್ ಮಷೀನ್' ಅನ್ನುವ ಐಕಾನ್ ಜಾಹೀರಾತನ್ನೂ ಟೆಸ್ಟಿನ ಒಳಗಿನ ಚಿತ್ರವನ್ನೂ ಫೋಟೋ ತೆಗೆದು ಕಳಿಸಿದೆ. ದುಡ್ಡು ಎಷ್ಟು ಸಾರ್ ಎಂದ. ದುಡ್ಡು ಬೇಡ, ನಿಮ್ಮ ಕಡೆ ಯಾರ ಅಟ್ಟದಲ್ಲಾದರೂ ಮ್ಯಾಗಜೀನ್ ಇದೆಯಾ ನೋಡಿ ಎಂದೆ. ಹದಿನೈದು ದಿನಕ್ಕೆ ಬಸ್ಸಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು, ಅವನ ಸೋದರಮಾವನದಂತೆ. 2003, 2004ರ ಸಂಚಿಕೆಗಳು ಹೆಚ್ಚುಕಡಿಮೆ ಪೂರ್ತಿ. ಆ ಎರಡು ವರ್ಷವೇ ನನ್ನಲ್ಲಿ ತೂತುತೂತಾಗಿತ್ತು.

ಹೀಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ಕೊನೆಯ ನಲವತ್ತು ಐವತ್ತು ಸಂಚಿಕೆಗಳು ಬಂದಿದ್ದು ಹೆಚ್ಚಾಗಿ ಈ ದಾರಿಯಲ್ಲೇ. ಲಾಟ್ ಕೊಂಡು ಕವರ್‌ಗೆ ಹಾಕಿಟ್ಟವರ ಹತ್ತಿರವೂ ಇದೇ ಸಂಚಿಕೆ ಇದೆ. ಆದರೆ ಅದರೊಳಗೆ ಏನಿದೆ ಅಂತ ಅವರಿಗೇ ಗೊತ್ತಿಲ್ಲ. ಹಾಗಿದ್ದ ಮೇಲೆ ಅವರನ್ನು ಕೇಳಿಕೊಂಡು ಯಾರು ಬರುತ್ತಾರೆ?

ಕಾಪಾಡುವುದರ ಬಗ್ಗೆ ಸ್ವಲ್ಪ. ನುಸಿ ಗುಳಿಗೆ ಹಾಕಿ ನೋಡಿದೆ, ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಬೂಷ್ಟಿಗೆ ಅದರಿಂದ ಏನೂ ಆಗುವುದೂ ಇಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಹಾಕಿಟ್ಟವು ಒಂದು ಮಳೆಗಾಲದಲ್ಲೇ ಒಳಗೆ ಬೆವೆತು ಬೂಷ್ಟು ಹಿಡಿದವು. ಈಗ ಕವರ್ ಇಲ್ಲದೆ, ನೆಟ್ಟಗೆ ನಿಲ್ಲಿಸಿ, ಕಪಾಟಿನ ಮೂಲೆಯಲ್ಲಿ ಸಿಲಿಕಾ ಜೆಲ್ ಡಬ್ಬ ಇಡುತ್ತೇನೆ. ನೀಲಿ ಹರಳು ಗುಲಾಬಿ ಆದಾಗ ಬಿಸಿ ಮಾಡಿ ಮತ್ತೆ ಇಡುವುದು. ಅದಕ್ಕೆ ಬೇರೆಯೇ ಬಾಣಲೆ ಇರಲಿ, ಅಡುಗೆಯದು ಬೇಡ. ಪಿನ್ನು ಹೊಡೆದ ಸಂಚಿಕೆಗಳಲ್ಲಿ ತುಕ್ಕು ದೊಡ್ಡ ಕಾಟ. ನಡು ಪುಟ ಬಿಚ್ಚಿ, ಮೊಂಡು ಚಾಕುವಿನ ತುದಿಯಿಂದ ಪಿನ್ನಿನ ಎರಡು ಕಾಲು ಎಬ್ಬಿಸಿ, ಹಿಂದಿನಿಂದ ನಿಧಾನಕ್ಕೆ ಎಳೆಯಬೇಕು. ಅದೇ ತೂತಿನಲ್ಲಿ ದಪ್ಪ ಹತ್ತಿ ದಾರ ಪೋಣಿಸಿ ಒಳಗಡೆ ಗಂಟು ಹಾಕಿದರೆ ಮುಗಿಯಿತು. ಬೆನ್ನಿಗೆ ಅಂಟು ಹಾಕಿದ ದಪ್ಪ ಸಂಚಿಕೆಗಳ ಬೆನ್ನು ಬಿಟ್ಟುಕೊಂಡರೆ ನಾನು ಬೇರೆ ಒಂದು ಉಪಾಯ ಮಾಡುತ್ತೇನೆ. ಅದನ್ನು ಕಲಿಸಿದ ಬೈಂಡರ್ ಯಾರಿಗೂ ಹೇಳಬೇಡಿ ಎಂದಿದ್ದಾರೆ, ಹೇಳುವುದಿಲ್ಲ.

ನೆನೆದ ಮ್ಯಾಗಜೀನಿನ ಪ್ರಯೋಗ ಮಾತ್ರ ಹೇಳಲೇಬೇಕು. ಒಂದು ಮಳೆಗಾಲ ಅಂಗಡಿಯ ಟಾರ್ಪಾಲು ಸೋರಿ, ನನ್ನ ಚೀಲದಲ್ಲಿದ್ದ ಹತ್ತು ಹನ್ನೆರಡು ಸಂಚಿಕೆ ತೊಯ್ದು ತೊಪ್ಪೆಯಾದವು. ಈ ಹೊಳೆಯುವ ಆರ್ಟ್ ಪೇಪರಿನ ಮೇಲೆ ಜೇಡಿಮಣ್ಣಿನ ಲೇಪ ಇರುತ್ತದೆ. ನೀರು ಬಿದ್ದರೆ ಲೇಪದ ಅಂಟು ಮೆತ್ತಗಾಗುತ್ತದೆ. ಒಣಗುವಾಗ ಪುಟಕ್ಕೆ ಪುಟ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಬಿಡಿಸಿದರೆ ಚಿತ್ರವೇ ಕಿತ್ತು ಬರುತ್ತದೆ. ಎರಡನ್ನು ಫ್ಯಾನಿನ ಕೆಳಗೆ ಇಟ್ಟೆ, ಇಟ್ಟಿಗೆಯಂತಾದವು. ಒಂದಕ್ಕೆ ಇಸ್ತ್ರಿ ಹಾಕಿದೆ, ಅದೂ ಹೋಯಿತು. ಉಳಿದವನ್ನು ಒದ್ದೆಯಾಗಿಯೇ ಬಟರ್ ಪೇಪರಿನಲ್ಲಿ ಒಂದೊಂದಾಗಿ ಸುತ್ತಿ ಫ್ರೀಜರಿನಲ್ಲಿ ನಿಲ್ಲಿಸಿದೆ. ನಮ್ಮದು ಫ್ರಾಸ್ಟ್ ಫ್ರೀ ಫ್ರಿಜ್, ಹಳೇ ಥರದ ಐಸ್ ಕಟ್ಟುವ ಫ್ರಿಜ್ಜಿನಲ್ಲಿ ಇದು ಆಗುವುದಿಲ್ಲ. ಮನೆಯವರು "ಬಟಾಣಿ ಎಲ್ಲಿಡ್ಲಿ ರೀ?" ಅಂತ ಎರಡು ತಿಂಗಳು ಕೇಳಿದರು. ಮಂಜು ನೀರಾಗದೆ ಹಾಗೇ ಗಾಳಿಗೆ ಹೋಗುತ್ತದೆ, ಅದಕ್ಕೆ ಪುಟ ಕಚ್ಚುವುದಿಲ್ಲ. ಮೂರು ತಿಂಗಳ ಹತ್ತಿರ ಹಿಡಿಯಿತು. ಹೊರಗೆ ತೆಗೆದಾಗ ಅಂಚು ಸ್ವಲ್ಪ ಅಲೆಅಲೆಯಾಗಿತ್ತು, ಪುಟಗಳು ಮಾತ್ರ ಪರಪರ ಅಂತ ಬಿಟ್ಟುಕೊಂಡವು. ಒಂದೆರಡು ಬಿಟ್ಟರೆ ಎಲ್ಲ ಉಳಿದವು. ಈಗ ಮನೆಯವರೇ ಬೇರೆಯವರಿಗೆ ಇದನ್ನು ಹೇಳುತ್ತಾರೆ.

ವಿದೇಶಿ ಮ್ಯಾಗಜೀನ್ ಕಡೆಗೂ ಸ್ವಲ್ಪ ಹೋದೆ. ಬ್ರಿಟನ್ನಿನ ಆಟೋಕಾರ್ 1895ರಲ್ಲಿ ಶುರುವಾದದ್ದು, ಅದನ್ನು ಪೂರ್ತಿ ಮಾಡುತ್ತೇನೆ ಅನ್ನುವುದು ಆಗದ ಮಾತು. ಅಮೆರಿಕದ ಹಾಟ್ ರಾಡ್ 1948ರದ್ದು, ಮೋಟರ್ ಟ್ರೆಂಡ್ 1949ರದ್ದು, ಅವೂ ಹಾಗೇ. ಆದ್ದರಿಂದ ಚಿಕ್ಕ ಗೆರೆ ಹಾಕಿಕೊಂಡೆ: ನಮ್ಮ ಕಾರುಗಳ ತಾಯಿಬೇರು, ಅಂದರೆ ಅವು ಯಾವ ವಿದೇಶಿ ಕಾರಿನಿಂದ ಬಂದವೋ ಅದು, ಇರುವ ಸಂಚಿಕೆ ಮಾತ್ರ. ಅಂಬಾಸಿಡರ್‌ಗೆ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಕಾಂಟೆಸ್ಸಾಗೆ ವಾಕ್ಸಾಲ್ ವಿಕ್ಟರ್ ಎಫ್‌ಇ, ಸ್ಟ್ಯಾಂಡರ್ಡ್ 2000ಕ್ಕೆ ರೋವರ್ ಎಸ್‌ಡಿ1. ರೋವರ್ 1977ರಲ್ಲಿ ಯುರೋಪಿನ ವರ್ಷದ ಕಾರು, ಅದರೊಳಗೆ ಮೂರೂವರೆ ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ಅದೇ ಮೈಕಟ್ಟಿಗೆ ಇಲ್ಲಿ ಹಳೇ ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಕೂರಿಸಿದರು. ಎರಡೂ ಕಾರಿನ ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿ ನೋಡಿ, ಹೊಟ್ಟೆ ಉರಿಯುತ್ತದೆ. ಈ ಸಣ್ಣ ಗೊಂಚಲಿಗೆ ಸಂಚಿಕೆಗೆ ಮುನ್ನೂರು, ನಾನೂರು ಕೊಟ್ಟಿದ್ದೂ ಇದೆ. ಇಲ್ಲಿ ಮಾತ್ರ ನನ್ನ ಮೊದಲ ಕಟ್ಟುಪಾಡು ಸಡಿಲ, ಏಕೆಂದರೆ ಇವು ನಮ್ಮ ತಕ್ಕಡಿಗೆ ಬರುವುದೇ ಇಲ್ಲ.

2019ರ ಕೊನೆಯಲ್ಲಿ ಅಮೆರಿಕದಲ್ಲಿ ಒಂದೇ ಸಂಸ್ಥೆ ತನ್ನ 22 ಮುದ್ರಿತ ವಾಹನ ಪತ್ರಿಕೆಗಳಲ್ಲಿ 19ನ್ನು ನಿಲ್ಲಿಸಿತು. ಇಲ್ಲೂ ಸಂಚಿಕೆಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿವೆ. ಪೇಪರ್ ಅಂಗಡಿಗೆ ಬರುವುದೂ ಕಮ್ಮಿ. ಶುರು ಮಾಡಬೇಕು ಅಂತಿದ್ದರೆ ಈಗಲೇ ಮಾಡಿ, ಇನ್ನೈದು ವರ್ಷಕ್ಕೆ ತಕ್ಕಡಿ ಬೆಲೆಯಲ್ಲಿ ಸಿಗುವುದಿಲ್ಲ.

ನನ್ನ ಮುಂದಿನ ಕೆಲಸ 1998ಕ್ಕೆ ಮುಂಚಿನದ್ದು: ಕಾರ್ ಅಂಡ್ ಬೈಕ್ ಇಂಟರ್‌ನ್ಯಾಷನಲ್, ಆಟೋ ಇಂಡಿಯಾದ ಹಳೆಯವು. ಎರಡೆರಡು ಸಿಕ್ಕ ಸಂಚಿಕೆಗಳು ಒಂದು ಕಪಾಟಿನಷ್ಟಿವೆ, ಹೆಚ್ಚಿನವು 2001ರಿಂದ 2007ರವು. ಆ ಹಳೆಯದೊಂದಕ್ಕೆ ನನ್ನವು ನಾಲ್ಕು ಕೊಡುತ್ತೇನೆ. ಮುಖಪುಟ ಹರಿದಿದ್ದರೂ ಪರವಾಗಿಲ್ಲ, ಪೋಸ್ಟರ್ ಇಲ್ಲದಿದ್ದರೂ ನಡೆಯುತ್ತದೆ. ಟೆಸ್ಟಿನ ಕೋಷ್ಟಕ ಮತ್ತು ಓದುಗರ ಪತ್ರದ ಪುಟ ಇರಲೇಬೇಕು.