ಈಗಲ್ಸ್ 10-1 ಇದ್ದಾಗ ನನ್ನ ಲೆಕ್ಕ ಯಾಕೆ ಒಪ್ಪಲಿಲ್ಲ: ನನ್ನ ಅನುಭವ

2023ರ ಅಮೆರಿಕನ್ ಫುಟ್‌ಬಾಲ್ (ಎನ್‌ಎಫ್‌ಎಲ್) ಸೀಸನ್ನಿನ ಕೊನೆಗೆ ನಮ್ಮ ಆಫೀಸ್ ಪೂಲ್‌ನಲ್ಲಿ, ಅಂದರೆ ಎಲ್ಲರೂ ದುಡ್ಡು ಹಾಕಿ ಗೆಲ್ಲುವ ಟೀಮ್‌ಗಳನ್ನು ಊಹಿಸುವ ಸ್ಪರ್ಧೆಯಲ್ಲಿ, ನಾನು ಬಹುಮಾನ ಹೊಡೆದ ಸುದ್ದಿ ಇಲ್ಲಿನ ಕನ್ನಡ ಕೂಟದಲ್ಲಿ ಹಬ್ಬಿತು. ಆಮೇಲೆ ಸಿಕ್ಕವರೆಲ್ಲ "ಹೇಗೆ ಮಾಡಿದೆ, ಸ್ವಲ್ಪ ಹೇಳೋ" ಅಂತ ಕೇಳತೊಡಗಿದರು. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ. ಇಪಿಎ (ಒಂದೊಂದು ಪ್ರಯತ್ನ ಅಂಕದ ನಿರೀಕ್ಷೆಯನ್ನು ಎಷ್ಟು ಬದಲಿಸಿತು ಅನ್ನುವ ಅಳತೆ) ಅಂದರೇನು, ಸಕ್ಸೆಸ್ ರೇಟ್ (ಎಷ್ಟು ಪ್ರಯತ್ನ ಫಲ ಕೊಟ್ಟವು ಅನ್ನುವ ಪ್ರಮಾಣ) ಹೇಗೆ ಲೆಕ್ಕ ಹಾಕಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಎನ್‌ಎಫ್‌ಎಲ್‌ವರ್ಸ್ ಅನ್ನುವ ಪುಕ್ಕಟೆ ಎನ್‌ಎಫ್‌ಎಲ್ ಡೇಟಾವನ್ನು ಒಮ್ಮೆಯಾದರೂ ಇಳಿಸಿಕೊಂಡು ಆಡಿದವರು ನೀವು ಅಂತ ಅಂದುಕೊಂಡಿದ್ದೇನೆ.

ನಾನಿರುವುದು ಫಿಲಡೆಲ್ಫಿಯಾ ಪಕ್ಕದಲ್ಲಿ. ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಊರಿನ ಟೀಮ್ ಈಗಲ್ಸ್ ಬಿಟ್ಟು ಬೇರೆ ಮಾತಿಲ್ಲ. ನಮ್ಮದು ಕಾನ್ಫಿಡೆನ್ಸ್ ಪೂಲ್. ಆ ವಾರದ (ಹೆಚ್ಚೆಂದರೆ 16) ಆಟಗಳಲ್ಲಿ ಗೆಲ್ಲುವವರನ್ನು ಆರಿಸಿ, ತುಂಬ ನಂಬಿಕೆ ಇರುವ ಆಟಕ್ಕೆ 16, ನಂಬಿಕೆಯೇ ಇಲ್ಲದ್ದಕ್ಕೆ 1 ಅಂತ ಇಡಬೇಕು. ಊಹೆ ಸರಿಯಾದರೆ ಆ ಸಂಖ್ಯೆಯಷ್ಟು ಪಾಯಿಂಟ್. ತಲೆಗೆ 50 ಡಾಲರ್. ಜನ ಸುಮಾರು 40. ಇಡೀ ಸೀಸನ್ನಿಗೆ ಒಂದು ಬಹುಮಾನ, ಥ್ಯಾಂಕ್ಸ್‌ಗಿವಿಂಗ್ (ನವೆಂಬರ್ ಕೊನೆಯ ಹಬ್ಬ) ಆದಮೇಲಿನ ವಾರಗಳಿಗೆ ಇನ್ನೊಂದು. ಈ ಎರಡನೆಯದು 600 ಡಾಲರ್ ಹತ್ತಿರ. ನನ್ನ ಕಣ್ಣು ಮೊದಲಿಂದಲೂ ಅದರ ಮೇಲೆಯೇ. ಸೆಪ್ಟೆಂಬರಿನಲ್ಲಿ ಎಲ್ಲರೂ ಊಹೆ ಮಾಡುವವರೇ. ಡಿಸೆಂಬರಿಗೆ ಬರುವಷ್ಟರಲ್ಲಿ ಪ್ರತಿ ಟೀಮಿನದೂ ಏಳುನೂರೋ ಎಂಟುನೂರೋ ಪ್ಲೇ (ಚೆಂಡು ಮುಂದೆ ಒಯ್ಯುವ ಒಂದೊಂದು ಪ್ರಯತ್ನ) ನಮ್ಮ ಕೈಯಲ್ಲಿರುತ್ತವೆ. ಆದರೂ ಜನ ಗೆಲುವು-ಸೋಲಿನ ಪಟ್ಟಿ ನೋಡಿಯೇ ಆರಿಸುತ್ತಾರೆ. ಹಣ ಇರುವುದು ಅಲ್ಲಿಯೇ.

ಮೊದಲ ವರ್ಷ ನಾನು ಹಿಡಿದದ್ದು ಕೊನೆಯ ನಾಲ್ಕು ಆಟಗಳ ಫಾರ್ಮ್. ಯಾವ ಟೀಮ್ ಬಿಸಿಯಾಗಿದೆಯೋ ಅದಕ್ಕೆ ಜಾಸ್ತಿ ತೂಕ. ಟಿವಿಯಲ್ಲಿ ಮೊಮೆಂಟಮ್ ಮೊಮೆಂಟಮ್ ಅನ್ನುತ್ತಾರಲ್ಲ, ಅದೇ. ನಾಲ್ಕು ಆಟದಲ್ಲಿ ಎದುರಾಳಿ ಯಾರು, ಫಂಬಲ್ ಆದ (ಕೈಜಾರಿದ) ಚೆಂಡು ಯಾರ ಕೈಗೆ ಹಾರಿತು ಅನ್ನುವುದರಲ್ಲೇ ಅರ್ಧ ಲೆಕ್ಕ ಹೋಗಿಬಿಡುತ್ತದೆ. ಟೀಮ್‌ಗಳಿಗೆ ರೇಟಿಂಗ್ ಕೊಡುವ ಒಂದು ಸೇವೆಗೆ ವರ್ಷಕ್ಕೆ 200 ಡಾಲರ್ ಹತ್ತಿರ ಕೊಟ್ಟಿದ್ದೆ. ಅವರ ರೇಟಿಂಗ್ ಹೇಗೆ ಬರುತ್ತದೆ ಅಂತ ಅವರೇ ಹೇಳುವುದಿಲ್ಲ. ಆ ವರ್ಷ ಪೂಲ್‌ನಲ್ಲಿ ಕೆಳಗಿನಿಂದ ಎಣಿಸಿದರೆ ಬೇಗ ಸಿಗುತ್ತಿದ್ದೆ. ಮನೆಯಲ್ಲಿ "ಆ 200ಕ್ಕೆ ಒಂದು ಒಳ್ಳೆ ಮಿಕ್ಸಿ ಬರ್ತಿತ್ತು" ಅಂತ ಇವತ್ತಿಗೂ ಕೇಳುತ್ತೇನೆ. ಮುಂದೆ ಡೇಟಾಕ್ಕೆ ದುಡ್ಡು ಕೊಟ್ಟಿಲ್ಲ. ಪುಕ್ಕಟೆ ಸಿಗುವ ಪ್ಲೇ-ಬೈ-ಪ್ಲೇ ಡೇಟಾ ಧಾರಾಳ ಸಾಕು.

2022ರಲ್ಲಿ ಪೈಥಾಗೊರಿಯನ್ ಹಿಡಿದೆ, ಅಂಕಗಳನ್ನು ನೋಡಿ ಎಷ್ಟು ಗೆಲುವು ಸಿಗಬೇಕಿತ್ತು ಅಂತ ಅಂದಾಜಿಸುವ ಸೂತ್ರ. ಗಳಿಸಿದ ಅಂಕ, ಬಿಟ್ಟುಕೊಟ್ಟ ಅಂಕ, ಘಾತ 2.37. ಹಳೇ ಸೂತ್ರ, ನಿಮಗೆ ಗೊತ್ತಿರುವುದೇ. ಅದು ಮಿನ್ನೆಸೋಟ ವೈಕಿಂಗ್ಸ್ ಸಾಧಾರಣ ಟೀಮ್ ಅಂತ ವಾರ ವಾರವೂ ಹೇಳುತ್ತಿತ್ತು. ನಾನು ವಾರ ವಾರವೂ ಅವರ ವಿರುದ್ಧ ಆರಿಸುತ್ತಿದ್ದೆ. ಅವರು ವಾರ ವಾರವೂ ಗೆಲ್ಲುತ್ತಿದ್ದರು! ಕೋಲ್ಟ್ಸ್ ಆಟ ನೆನಪಿದೆಯಲ್ಲ? ಹಾಫ್ ಟೈಮ್‌ಗೆ ಕೋಲ್ಟ್ಸ್ 33, ವೈಕಿಂಗ್ಸ್ 0. ನಾನು ಕೋಲ್ಟ್ಸ್ ಮೇಲೆ ದೊಡ್ಡ ಸಂಖ್ಯೆ ಇಟ್ಟು ಖುಷಿಯಲ್ಲಿ ಊಟಕ್ಕೆ ಕೂತಿದ್ದೆ. ಕೊನೆಗೆ ವೈಕಿಂಗ್ಸ್ 39-36. ಎನ್‌ಎಫ್‌ಎಲ್ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರ ದಾಟಿ ಗೆದ್ದವರು ಬೇರೆ ಇಲ್ಲ. ಆ ಸೀಸನ್ನಿನಲ್ಲಿ ಅವರು 13-4, ಅಂದರೆ 13 ಗೆಲುವು, 4 ಸೋಲು. ಒಂದೇ ಸ್ಕೋರ್ ಅಂತರದ (8 ಅಂಕ ಅಥವಾ ಕಡಿಮೆ) ಆಟಗಳಲ್ಲಿ 11-0. ಗಳಿಸಿದ್ದು 424, ಕೊಟ್ಟಿದ್ದು 427. ಅಂದರೆ ಒಟ್ಟು ಅಂತರ ಮೈನಸ್ 3! ಪ್ಲೇಆಫ್‌ನ ಮೊದಲ ಆಟದಲ್ಲೇ ಜೈಂಟ್ಸ್ ಕೈಯಲ್ಲಿ 31-24 ಸೋತು ಮನೆಗೆ ಹೋದರು. ಅಷ್ಟೊತ್ತಿಗೆ ನಮ್ಮ ಪೂಲ್ ಮುಗಿದು ಹಣ ಹಂಚಿ ಆಗಿತ್ತು.

ನಮ್ಮಲ್ಲಿ ದಾವಣಗೆರೆಯ ಗೆಳೆಯನೊಬ್ಬ ಇದ್ದಾನೆ. "ಗೆಲ್ಲೋದು ಹೆಂಗೆ ಅಂತ ಗೊತ್ತಿರೋ ಟೀಮ್ ಮಾರಾಯ ಅದು. ನಿನ್ನ ಎಕ್ಸೆಲ್‌ಗೆ ಅದೆಲ್ಲಿ ಗೊತ್ತಾಗ್ಬೇಕು" ಅಂತ ನಕ್ಕಿದ್ದ. ಅವನ ಮಾತನ್ನು ನಾನು ಒಪ್ಪಲಿಲ್ಲ. ಆದರೆ ಒಂದು ವಿಷಯ ತಲೆಗೆ ಹೊಳೆಯಿತು. ಸಾಧಾರಣ ಟೀಮ್ ಅಂದರೆ ಸೋಲುವ ಟೀಮ್ ಅಂತಲ್ಲ. ಅರ್ಧಕ್ಕರ್ಧ ಗೆಲ್ಲುವ ಟೀಮ್. ಅದರ ವಿರುದ್ಧ ಆರಿಸುವುದೂ ಜೂಜೇ, ಪರವಾಗಿ ಆರಿಸುವುದೂ ಜೂಜೇ. ಅಂಥ ಆಟಕ್ಕೆ ಚಿಕ್ಕ ಸಂಖ್ಯೆ ಇಟ್ಟು ಸುಮ್ನೆ ಇರಬೇಕು. ಬೇರೆಯವರು ಅಲ್ಲಿ 15, 16 ಇಟ್ಟು ಕೂತಿರುತ್ತಾರೆ. ಅವರು ಸೋತರೆ ನಮಗೆ ಲಾಭ, ಗೆದ್ದರೆ ನಮಗೆ ಹೋಗುವುದು ಅಷ್ಟೇನಿಲ್ಲ. ನನ್ನ ಇಡೀ ವಿಧಾನದಲ್ಲಿ ದುಡ್ಡು ತಂದ ಭಾಗ ಇದೇ. ಉಳಿದದ್ದೆಲ್ಲ ಆ ಸಂಖ್ಯೆ ಎಷ್ಟಿರಬೇಕು ಅಂತ ತಿಳಿಯಲು ಮಾಡಿದ ಕೆಲಸ.

ಅದೇ ವರ್ಷ ಸೂತ್ರದ ಇನ್ನೊಂದು ಮಗ್ಗುಲು ನನ್ನ ಮಾನ ಉಳಿಸಿತು. ಡೆಟ್ರಾಯಿಟ್ ಲಯನ್ಸ್ 1-6 ಇದ್ದರು. ಆ ಆರು ಸೋಲಿನಲ್ಲಿ ನಾಲ್ಕು 3 ಅಥವಾ 4 ಅಂಕದ ಅಂತರದವು. ಪೂಲ್‌ನಲ್ಲಿ ಯಾರೂ ಅವರನ್ನು ಮುಟ್ಟುತ್ತಿರಲಿಲ್ಲ. ನಾನು ನವೆಂಬರಿನಿಂದ ಅವರನ್ನು ಹಿಡಿದುಕೊಂಡೆ. ಮುಂದಿನ ಹತ್ತರಲ್ಲಿ ಎಂಟು ಗೆದ್ದು 9-8ಕ್ಕೆ ಮುಗಿಸಿದರು. ಕೊನೆಯ ಆಟದಲ್ಲಿ ಗ್ರೀನ್ ಬೇಗೆ ಹೋಗಿ ಪ್ಯಾಕರ್ಸ್‌ನ 20-16 ಮನೆಗೆ ಕಳಿಸಿದರು. ವೈಕಿಂಗ್ಸ್ ಕಿತ್ತುಕೊಂಡದ್ದನ್ನು ಲಯನ್ಸ್ ಹೆಚ್ಚುಕಮ್ಮಿ ವಾಪಸ್ ಕೊಟ್ಟರು.

ಅಂಕಗಳ ಲೆಕ್ಕ ಮಾತ್ರ ಸಾಲದು ಅಂತ ಆಮೇಲೆ ಪ್ಲೇ ಮಟ್ಟಕ್ಕೆ ಇಳಿದೆ. 2023ರ ಬೇಸಿಗೆಯೆಲ್ಲ ಅದಕ್ಕೇ ಹೋಯಿತು. ಮೊದಲ ಮತ್ತು ಎರಡನೇ ಡೌನ್ (10 ಗಜ ದಾಟಲು ಸಿಗುವ ನಾಲ್ಕು ಅವಕಾಶಗಳಲ್ಲಿ ಒಂದೊಂದು) ಮಾತ್ರ ತೆಗೆದುಕೊಂಡೆ. ಮೂರನೇ ಡೌನ್‌ನಲ್ಲಿ ಅದೃಷ್ಟ ಜಾಸ್ತಿ, ಮುಂದಿನ ತಿಂಗಳಿಗೆ ಅದು ಉಳಿಯುವುದಿಲ್ಲ. ಗಡಿಯಾರ ಓಡಿಸಲು ಅಥವಾ ನಿಲ್ಲಿಸಲಷ್ಟೇ ಮಾಡುವ ನೀಲ್, ಸ್ಪೈಕ್ ತೆಗೆದುಹಾಕಿದೆ. ಗೆಲ್ಲುವ ಸಾಧ್ಯತೆ ಶೇ 10ಕ್ಕಿಂತ ಕೆಳಗೆ ಅಥವಾ ಶೇ 90ಕ್ಕಿಂತ ಮೇಲೆ ಹೋದ ಮೇಲಿನ ಪ್ಲೇ ಎಲ್ಲ ಗಾರ್ಬೇಜ್, ಅವೂ ಹೊರಗೆ. ಫಂಬಲ್ ಯಾರಿಗೇ ಸಿಗಲಿ, ಅರ್ಧರ್ಧ ಹಂಚಿದೆ. ಎದುರಾಳಿ ಯಾರು ಅನ್ನುವುದನ್ನು ರಿಡ್ಜ್ ರಿಗ್ರೆಶನ್ ಅನ್ನುವ ಸಂಖ್ಯಾಶಾಸ್ತ್ರದ ವಿಧಾನದಲ್ಲಿ ಸರಿಮಾಡಿದೆ. ಹಳೇ ವಾರಕ್ಕೆ ಕಡಿಮೆ ತೂಕ, ಹೊಸ ವಾರಕ್ಕೆ ಜಾಸ್ತಿ. ಎಷ್ಟು ಕಡಿಮೆ ಅನ್ನುವುದನ್ನು ಮಾತ್ರ ಕೇಳಬೇಡಿ. ಆ ಒಂದು ಸಂಖ್ಯೆ ಸಿಗಲು ಹತ್ತಾರು ಸೀಸನ್ನಿನ ಡೇಟಾ ಅರೆದಿದ್ದೇನೆ. ಬ್ಯಾಕಪ್ (ಬದಲಿ) ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಮುಖ್ಯ ಆಟಗಾರನ ಬದಲಿಯವ, ಇಳಿದರೆ ಎಷ್ಟು ಕಳೆಯಬೇಕು ಅನ್ನುವುದೂ ನನ್ನ ಹತ್ತಿರವೇ ಇರಲಿ. ನಮ್ಮ ಪೂಲ್‌ನವರೂ ಇದನ್ನು ಓದುತ್ತಾರೆ, ಗೂಗಲ್ ಟ್ರಾನ್ಸ್‌ಲೇಟ್ ಎಲ್ಲರಿಗೂ ಸಿಗುತ್ತದಲ್ಲ.

ಈಗ ಈಗಲ್ಸ್ ವಿಷಯ. 2023ರ ಥ್ಯಾಂಕ್ಸ್‌ಗಿವಿಂಗ್ ವಾರ ಮುಗಿದಾಗ ಅವರು 10-1. ಚೀಫ್ಸ್‌ನ 21-17, ಬಿಲ್ಸ್‌ನ ಓವರ್‌ಟೈಮ್‌ನಲ್ಲಿ 37-34 ಸೋಲಿಸಿ ಬಂದಿದ್ದರು. ಊರಿಗೆ ಊರೇ ಹಸಿರು, ಈಗಲ್ಸ್ ಬಣ್ಣ. ನಾನು ಕೂತು ಕೂಡಿಸಿದೆ. 11 ಆಟದಲ್ಲಿ ಗಳಿಸಿದ್ದು 310, ಕೊಟ್ಟಿದ್ದು 246. ಸೂತ್ರಕ್ಕೆ ಹಾಕಿದರೆ 7 ಗೆಲುವು. ಹತ್ತು ಗೆಲುವಿನಲ್ಲಿ ಏಳು ಒಂದೇ ಸ್ಕೋರ್ ಅಂತರದವು. ನನ್ನ ಪ್ಲೇ ಲೆಕ್ಕದಲ್ಲಿ ಆಫೆನ್ಸ್ ಚೆನ್ನಾಗಿಯೇ ಇತ್ತು. ಡಿಫೆನ್ಸ್ ಮಾತ್ರ ಪಟ್ಟಿಯ ಕೆಳಗಿನ ಅರ್ಧದಲ್ಲಿ, ಅದೂ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಎಲ್ಲ ಸೇರಿಸಿದರೆ ಲೀಗಿನಲ್ಲಿ ಹತ್ತನೆಯದೋ ಹನ್ನೊಂದನೆಯದೋ ಟೀಮ್. ಆಫೀಸಿನಲ್ಲಿ ಇದನ್ನು ಹೇಳಿದ್ದಕ್ಕೆ ಒಬ್ಬರು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನಮ್ಮ ದಾವಣಗೆರೆಯವನು ಮತ್ತೆ ಅದೇ ರಾಗ ತೆಗೆದ.

ಡಿಸೆಂಬರ್ 3ಕ್ಕೆ ಫಾರ್ಟಿನೈನರ್ಸ್ ಬಂದರು. 10-1 ಇರುವ ಟೀಮ್ ತನ್ನ ಮನೆಯಲ್ಲೇ ಆಡುತ್ತಿದ್ದರೂ ಬೆಟ್ಟಿಂಗ್ ಲೈನ್ (ಬುಕ್ಕಿಗಳ ಅಂದಾಜು) ಫಾರ್ಟಿನೈನರ್ಸ್ ಕಡೆಗಿತ್ತು. ಇದನ್ನು ಗಮನಿಸಿ. ನನಗೆ ಗೊತ್ತಿದ್ದದ್ದು ಬುಕ್ಕಿಗಳಿಗೂ ಗೊತ್ತಿತ್ತು. ಪೆನ್ಸಿಲ್ವೇನಿಯದಲ್ಲಿ ಬೆಟ್ಟಿಂಗ್ ಕಾನೂನಿನ ಪ್ರಕಾರ ಸರಿ, ಫೋನಿನಲ್ಲೇ ಹಾಕಬಹುದು. "ಇಷ್ಟೆಲ್ಲ ಗೊತ್ತಿದ್ದರೆ ಆ್ಯಪ್‌ನಲ್ಲಿ ಯಾಕೆ ಹಾಕಲ್ಲ" ಅಂತ ಕೇಳುವವರಿಗೆ ನನ್ನ ಉತ್ತರ ಇದೇ. ಪೂಲ್‌ನಲ್ಲಿ ನಾವು ಸೋಲಿಸಬೇಕಾದದ್ದು ಪಕ್ಕದ ಕ್ಯೂಬಿಕಲ್‌ನವನನ್ನು. ಅಲ್ಲಿ ಸೋಲಿಸಬೇಕಾದದ್ದು ನಮಗಿಂತ ಒಳ್ಳೆ ಮಾಡೆಲ್ ಇರುವವರನ್ನು.

ಫಾರ್ಟಿನೈನರ್ಸ್ 42-19 ಗೆದ್ದರು. ಮುಂದಿನ ವಾರ ಡಲ್ಲಾಸ್ 33-13 ಗೆದ್ದರು. ಎರಡರಲ್ಲೂ ನಾನು ಈಗಲ್ಸ್ ವಿರುದ್ಧವೇ ಆರಿಸಿದ್ದೆ, ಮಧ್ಯದ ಸಂಖ್ಯೆ ಇಟ್ಟು. ಅಲ್ಲಿಗೆ ಪೂಲ್‌ನಲ್ಲಿ ಮೊದಲ ಹತ್ತರೊಳಗೆ ಬಂದೆ. ಸಿಯಾಟಲ್ ಆಟಕ್ಕೆ ಮೊದಲು ಈಗಲ್ಸ್ ಡಿಫೆನ್ಸ್‌ನ ತಂತ್ರ ಹೇಳುವ ಕೆಲಸವನ್ನು ಕೋಆರ್ಡಿನೇಟರ್ (ಡಿಫೆನ್ಸ್ ಕೋಚ್) ಶಾನ್ ದೇಸಾಯಿ ಕೈಯಿಂದ ತೆಗೆದು ಮ್ಯಾಟ್ ಪೆಟ್ರಿಶಿಯಾಗೆ ಕೊಟ್ಟರು. ಇಂಥ ಬದಲಾವಣೆಯನ್ನು ಲೆಕ್ಕಕ್ಕೆ ತರಲು ಹಳೇ ಸೀಸನ್‌ಗಳ ಮೇಲೆ ನಾನಾ ಥರ ನೋಡಿದೆ. ಸೀಸನ್ ಮಧ್ಯೆ ಕೋಆರ್ಡಿನೇಟರ್ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆಗಳೇ ಕಡಿಮೆ, ಸಿಕ್ಕವೂ ಒಂದೊಂದು ದಿಕ್ಕಿಗೆ. ಹಾಗಾಗಿ ಸೊನ್ನೆ ಅಂತಲೇ ಬಿಟ್ಟೆ. ಈಗಲ್ಸ್ ಆರಿಸಿ 2 ಇಟ್ಟೆ. ಸಿಯಾಟಲ್‌ನ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ಡ್ರೂ ಲಾಕ್ ಕೊನೆಯಲ್ಲಿ 92 ಗಜ ನಡೆಸಿಕೊಂಡು ಹೋಗಿ 20-17 ಮಾಡಿದ. ನನಗೆ ಹೋದದ್ದು 2, ನನ್ನ ಮುಂದಿದ್ದವರಿಗೆ ಹೋದದ್ದು 12, 13.

ಕ್ರಿಸ್‌ಮಸ್ ದಿನ ಈಗಲ್ಸ್ ಜೈಂಟ್ಸ್ ವಿರುದ್ಧ 33-25 ಗೆದ್ದರು. ಆಗ ಎಲ್ಲರೂ ನಿಟ್ಟುಸಿರು ಬಿಟ್ಟು ಮತ್ತೆ ಹಳೇ ಚಾಳಿಗೆ ಬಂದರು. ಮುಂದಿನ ಎದುರಾಳಿ ಆರಿಜೋನಾ, 3-12 ಇರುವ ಟೀಮ್, ಅದೂ ಫಿಲಡೆಲ್ಫಿಯಾದಲ್ಲಿ. ಪೂಲ್‌ನ ಮುಕ್ಕಾಲು ಪಾಲು ಜನ ಈಗಲ್ಸ್ ಮೇಲೆ 16 ಇಟ್ಟರು. ನನ್ನ ಲೆಕ್ಕವೂ ಈಗಲ್ಸ್ ಗೆಲ್ಲುತ್ತಾರೆ ಅಂತಲೇ ಹೇಳಿತ್ತು. ನಾನು ಅವರನ್ನೇ ಆರಿಸಿ 4 ಇಟ್ಟೆ. ಕಾರ್ಡಿನಲ್ಸ್ 35, ಈಗಲ್ಸ್ 31. ಒಂದೇ ಆಟದಲ್ಲಿ ನನ್ನ ಮುಂದಿದ್ದವರ ಮೇಲೆ ಹನ್ನೆರಡು ಪಾಯಿಂಟ್ ಸಿಕ್ಕಿತು, ಅದೂ ತಪ್ಪು ಟೀಮ್ ಆರಿಸಿ! ದಾವಣಗೆರೆಯವನಿಗೆ ಇದನ್ನು ವಿವರಿಸಲು ಒಂದು ಕಾಫಿ ಪೂರ್ತಿ ಬೇಕಾಯಿತು.

ಕೊನೆಯ ವಾರ ಜೈಂಟ್ಸ್ 27-10 ಗೆದ್ದರು. ಕೊನೆಯ ಆರು ಆಟದಲ್ಲಿ ಈಗಲ್ಸ್ 1-5, ಗಳಿಸಿದ್ದು 123, ಕೊಟ್ಟಿದ್ದು 182. ಇಡೀ ಸೀಸನ್ ಕೂಡಿಸಿದರೆ 433ಕ್ಕೆ 428. ಪ್ಲೇಆಫ್‌ನಲ್ಲಿ ಟ್ಯಾಂಪಾ ಬೇ 32-9ಕ್ಕೆ ಕಥೆ ಮುಗಿಸಿತು. ನಿಜ ಹೇಳಬೇಕೆಂದರೆ ಇಷ್ಟು ಕೆಟ್ಟದಾಗಿ ಕುಸಿಯುತ್ತಾರೆ ಅಂತ ನನ್ನ ಲೆಕ್ಕ ಹೇಳಿರಲಿಲ್ಲ. 3-3 ಆಗುತ್ತದೆ ಅಂತಿತ್ತು. ಆದರೆ 6-0 ಅಂತ ಹೇಳದಿದ್ದದ್ದೇ 600 ಡಾಲರ್ ತಂದಿತು. ಮಿಕ್ಸಿ ಬಂತು.

ಈ ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಚಳಿಯನ್ನು ಲೆಕ್ಕಕ್ಕೆ ಹಾಕಿ ನೋಡಿದೆ, ಡೋಮ್ (ಮುಚ್ಚಿದ ಸ್ಟೇಡಿಯಂ) ಟೀಮ್ ಚಳಿಯ ಊರಾದ ಗ್ರೀನ್ ಬೇಗೆ ಹೋದರೆ ಏನಾಗುತ್ತದೆ ಅಂತ. ಚಳಿಯಿಂದ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಗಾಳಿಯಿಂದ ಸಿಕ್ಕಿತು. ಗಂಟೆಗೆ 15 ಮೈಲಿ ದಾಟಿದರೆ ಪಾಸ್ ಮೇಲೆ ಬದುಕುವ ಟೀಮಿಗೆ ಸ್ವಲ್ಪ ಕಳೆಯುತ್ತೇನೆ. ಇನ್ನೊಂದು, ಟಶ್ ಪುಶ್, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದಿನಿಂದ ತಳ್ಳಿ ಮುಂದೆ ಸಾಗಿಸುವ ಪ್ಲೇ. ಈಗಲ್ಸ್‌ಗೆ 10 ಗಜಕ್ಕೆ 9 ಸಿಕ್ಕರೆ ಸಾಕು, ಉಳಿದ ಒಂದನ್ನು ಸೆಂಟರ್ ಜೇಸನ್ ಕೆಲ್ಸಿ ಮತ್ತು ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ತಳ್ಳಿಕೊಂಡು ಹೋಗುತ್ತಿದ್ದರು. ಮೊದಲ ಎರಡು ಡೌನ್ ಮಾತ್ರ ನೋಡುವ ನನ್ನ ವಿಧಾನಕ್ಕೆ ಇದು ಕಾಣುವುದೇ ಇಲ್ಲ. ಅದಕ್ಕೆ ಬೇರೆ ಕಾಲಂ ಹಾಕಬೇಕಾಯಿತು. ಆದರೂ ಅವರು ಒಂದೆರಡು ಸ್ಥಾನ ಮೇಲೇರಿದರು, ಅಷ್ಟೇ.

ಆಮೇಲೆ ಆರ್‌ಸಿಬಿ. 2024ರ ಐಪಿಎಲ್‌ನಲ್ಲಿ ಎಂಟರಲ್ಲಿ ಒಂದು ಗೆದ್ದು ಕೂತಿದ್ದಾಗ, ಲಯನ್ಸ್ ಥರ ಇವರೂ ಏಳಬಹುದಾ ಅಂತ ನೋಡಲು ಬಾಲ್-ಬೈ-ಬಾಲ್ ಡೇಟಾ ಹಾಕಿ ಅದೇ ಕೆಲಸ ಮಾಡಿದೆ. ಇಲ್ಲ ಅಂತ ಬಂತು. ಅವರು ಆರಕ್ಕೆ ಆರೂ ಗೆದ್ದು, ಚೆನ್ನೈಯನ್ನು ನೆಟ್ ರನ್ ರೇಟ್‌ನಲ್ಲಿ ಹಿಂದೆ ಹಾಕಿ ಪ್ಲೇಆಫ್‌ಗೆ ಹೋದರು. ಟಿ20ಗೆ ಈ ವಿಧಾನ ಒಗ್ಗುವುದಿಲ್ಲ. ಎಂಟು ಆಟದಲ್ಲಿ ಅಷ್ಟು ಬಾಲ್‌ಗಳೇ ಇರುವುದಿಲ್ಲ. ಅದೂ ಅಲ್ಲದೆ ಆರ್‌ಸಿಬಿ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ.

2024ರ ಸೀಸನ್ ಅರ್ಧ ಸಿಹಿ, ಅರ್ಧ ಕಹಿ. ಹಿಂದಿನ ವರ್ಷ ಸುಟ್ಟುಕೊಂಡವರು ಈಗಲ್ಸ್ ಮೇಲೆ ಚಿಕ್ಕ ಸಂಖ್ಯೆ ಇಡತೊಡಗಿದರು. ಬೈ ವೀಕಿಗೆ (ಆಟವಿಲ್ಲದ ವಾರಕ್ಕೆ) ಅವರು 2-2 ಇದ್ದರು. ಹೊಸ ಡಿಫೆನ್ಸ್ ಕೋಆರ್ಡಿನೇಟರ್ ವಿಕ್ ಫ್ಯಾಂಜಿಯೊ ಬಂದಮೇಲೆ ಡಿಫೆನ್ಸ್ ಸಂಖ್ಯೆ ಅಕ್ಟೋಬರ್ ಕೊನೆಯಿಂದಲೇ ಮೇಲೇರುತ್ತಿತ್ತು. ಇದು 2023ರ ಗೆಲುವಿನ ಥರ ಅಲ್ಲ, ಪ್ಲೇ ಲೆಕ್ಕದಲ್ಲೂ ಗಟ್ಟಿ. ನಾನು 14, 15 ಇಡತೊಡಗಿದೆ. ಬೈ ಆದಮೇಲೆ 12-1, ಕೊನೆಗೆ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಚೀಫ್ಸ್ ವಿರುದ್ಧ 40-22. ಕಹಿ ಅಂದರೆ ಅದೇ ಚೀಫ್ಸ್. 15-2 ದಾಖಲೆ, ಆದರೆ 385ಕ್ಕೆ 326. ಸೂತ್ರದ ಪ್ರಕಾರ ಹತ್ತೇ ಗೆಲುವು. ಇವರೂ 2023ರ ಈಗಲ್ಸ್ ಅಂತ ಚಿಕ್ಕ ಸಂಖ್ಯೆ ಇಟ್ಟೆ. ಅವರು ಬೀಳಲೇ ಇಲ್ಲ. ಆ ವರ್ಷ ಮೂರನೇ ಸ್ಥಾನ, ಕಟ್ಟಿದ 50 ವಾಪಸ್ ಬಂತು. ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಇದ್ದರೆ ಹತ್ತಿರದ ಆಟದಲ್ಲಿ ಅರ್ಧರ್ಧ ಅನ್ನುವುದು ಸರಿಯಾ ಅಂತ ಇನ್ನೂ ಯೋಚಿಸುತ್ತಿದ್ದೇನೆ. ಒಬ್ಬನಿಗೋಸ್ಕರ ಸೂತ್ರ ಬದಲಿಸಲು ಮನಸ್ಸಿಲ್ಲ.

ಸೀಸನ್ನಿನ ಕೊನೆಯ, ಅಂದರೆ 18ನೇ ವಾರಕ್ಕೆ ಮಾತ್ರ ನಾನು ಲೆಕ್ಕ ಮುಟ್ಟುವುದೇ ಇಲ್ಲ. 2024ರಲ್ಲಿ ಚೆಂಡು ಹಿಡಿದು ಓಡುವ ಈಗಲ್ಸ್ ಆಟಗಾರ ಸೇಕ್ವಾನ್ ಬಾರ್ಕ್ಲಿ 2,005 ಗಜದಲ್ಲಿದ್ದ. ಒಂದೇ ಸೀಸನ್ನಿನ ಓಟದಲ್ಲಿ ಎರಿಕ್ ಡಿಕರ್ಸನ್‌ನ 2,105ರ ದಾಖಲೆ ಮುರಿಯಲು ನೂರೊಂದು ಗಜ ಸಾಕಿತ್ತು. ಆದರೂ ಅವನನ್ನು ಕೂರಿಸಿದರು. ಅದೇ ವಾರ ಚೀಫ್ಸ್ ಬ್ಯಾಕಪ್‌ಗಳನ್ನು ಇಳಿಸಿ ಡೆನ್ವರ್‌ನಲ್ಲಿ 38-0 ಸೋತರು. ಆ ವಾರ ಬೇಕಾಗಿರುವುದು ಬುಧವಾರದಿಂದ ಬರುವ ಇಂಜುರಿ ರಿಪೋರ್ಟ್, ಯಾರಿಗೆ ಸೀಡ್ (ಪ್ಲೇಆಫ್ ಸ್ಥಾನ) ಖಾತ್ರಿಯಾಗಿದೆ ಅನ್ನುವ ಪಟ್ಟಿ, ಇನ್ನೊಂದು ಸಣ್ಣ ಉಪಾಯ. ಮೊದಲೆರಡನ್ನು ನೀವೇ ನೋಡಿಕೊಳ್ಳಿ. ಮೂರನೆಯದನ್ನು ನಾನು ಪೂಲ್ ಬಿಟ್ಟ ವರ್ಷ ಹೇಳುತ್ತೇನೆ.